ಗುರಿಯ ಗುರುತಿಗೆ ಬಣ್ಣದ ಆಯ್ಕೆ

ಶೂಟಿಂಗ್ ಆಟಗಳಲ್ಲಿ ಪರದೆಯ ನಡುವೆ ನಿಂತು ಗುಂಡಿನ ಗುರಿಯನ್ನು ತೋರುವ ಸಣ್ಣ ಗುರುತಿಗೆ ಕ್ರಾಸ್‌ಹೇರ್ ಎಂದು ಹೆಸರು. ‘ಕೌಂಟರ್-ಸ್ಟ್ರೈಕ್ 2’ ಆಟದಲ್ಲಿ ಕೆಂಪು, ಹಸಿರು, ನೀಲಿಗಳಿಗೆ 0ಯಿಂದ 255ರವರೆಗಿನ ಸಂಖ್ಯೆಗಳನ್ನು ಕೊಟ್ಟು ಅದರ ಬಣ್ಣವನ್ನು ಹೊಂದಿಸಬಹುದಾಗಿದ್ದು, ಆಲ್ಫಾ ಎಂಬ ನಾಲ್ಕನೆಯ ಸಂಖ್ಯೆಯು ಪಾರದರ್ಶಕತೆಯನ್ನು, ಅಂದರೆ ಹಿಂದಿನ ದೃಶ್ಯವು ಗುರುತಿನ ಮೂಲಕ ಎಷ್ಟು ಕಾಣಬೇಕೆಂಬುದನ್ನು, ನಿರ್ಧರಿಸುತ್ತದೆ. ಆಟದೊಳಗಿನ ‘ಡಸ್ಟ್ 2’ ಎಂಬ ಮರಳುಗಾಡಿನ ಊರಿನ ಮಣ್ಣುಬಣ್ಣದ ಗೋಡೆಗಳ ಮುಂದೆ ಹಳದಿ ಗುರುತು ಕರಗಿಹೋಗುವುದರಿಂದ, ಹಸಿರು ನೀಲಿಗಳು ಬೆರೆತ ಸಯಾನ್ ಬಣ್ಣ ಅಲ್ಲಿ ಹೆಚ್ಚು ಉಪಯುಕ್ತ. ಪಾರದರ್ಶಕತೆಯನ್ನು ಹೆಚ್ಚಿಸಿದರೆ ದೂರದ ಎದುರಾಳಿ ಮರೆಯಾಗುವುದಿಲ್ಲವಾದರೂ ಗುರುತು ಹಿನ್ನೆಲೆಯೊಡನೆ ಬೆರೆತು ಮಂಕಾಗುತ್ತದೆ. ಆದ್ದರಿಂದ ಗೆರೆಯನ್ನೇ ತೆಳುವಾಗಿಸುವುದು ಮೇಲು. ಕೆಂಪು ಹಸಿರುಗಳ ಭೇದ ತಿಳಿಯದ ವರ್ಣಾಂಧರಿಗಂತೂ ಬಣ್ಣ ಬದಲಿಸುವ ಈ ಸೌಲಭ್ಯ ಅತ್ಯಗತ್ಯವಾಗಿದ್ದು, ಕಪ್ಪು ಹೊರಗೆರೆಯನ್ನೂ ಸೇರಿಸಿಕೊಂಡರೆ ಬೆಳಕು ತುಂಬಿದ ಗೋಡೆಯ ಮೇಲೆಯೂ ಗುರುತು ಎದ್ದು ಕಾಣುತ್ತದೆ.