ಗೇರ್ ಹಿಡಿ ಬಿಡಿಸುವ ಮುನ್ನ

ಗೇರು ಎಂದೊಡನೆ ನಮ್ಮ ಜಿಲ್ಲೆಯ ಬೆಳೆಗಾರನಿಗೆ ಮೊದಲು ನೆನಪಾಗುವುದು ಗೇರುಬೀಜ. ಈ ಲೇಖನ ಆ ಗೇರಿನದಲ್ಲ, ಕಾರಿನ ಗೇರಿನದು. ಅದರಲ್ಲಿಯೂ ಗೇರ್ ಕೋಲಿನ ತುದಿಯಲ್ಲಿ ಕುಳಿತು ದಿನವೂ ನಮ್ಮ ಅಂಗೈಗೆ ಸಿಗುವ ಹಿಡಿಯದು. ಪೇಟೆಯವರು ಇದಕ್ಕೆ ನಾಬ್ ಎನ್ನುತ್ತಾರೆ. ಮುಷ್ಟಿಯಷ್ಟು ದೊಡ್ಡ ಈ ಸಾಮಾನಿನ ಬಗ್ಗೆ ಇಷ್ಟುದ್ದ ಬರೆಯಬೇಕೇ ಎಂದು ಕೆಲವರು ಕೇಳಬಹುದು. ಕಳೆದ ಕೊನೆ ಕೊಯ್ಲಿನ ಕಾಲದ ಒಂದು ಸಂಜೆಯ ತನಕ ನಾನೂ ಹಾಗೆಯೇ ಕೇಳುತ್ತಿದ್ದೆ.

ಪಾಳಾದ ಸುತ್ತಿನ ನಮ್ಮ ಸೀಮೆ ಪೂರ್ತಿ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಅಡಿಕೆ ತೋಟ, ಅದರ ನಡುವೆ ಅಲ್ಲಲ್ಲಿ ಕಾಫಿ, ಆಚೆ ಭತ್ತದ ಗದ್ದೆ, ಮಾವಿನ ತೋಪು. ಅಡಿಕೆ ವ್ಯಾಪಾರಕ್ಕೆ ಶಿರಸಿ, ಕಚೇರಿ ಕೆಲಸಕ್ಕೆ ಮುಂಡಗೋಡ, ದೊಡ್ಡ ಆಸ್ಪತ್ರೆಗೆ ಹುಬ್ಬಳ್ಳಿ. ಹೀಗೆ ಮೂರು ದಿಕ್ಕಿಗೆ ಓಡಾಡುವ ಮನೆಗೆ ಕಾರು ಈಗ ಶೋಕಿಯಲ್ಲ. ಹಿಂದೆ ನಮ್ಮ ಕಡೆ ಇದ್ದದ್ದು ಜೀಪು. ಅದರಲ್ಲಿ ಗೇರಿಗೊಂದು, ನಾಲ್ಕು ಚಕ್ರ ಎಳೆಸಲು ಒಂದು, ಏರಿಗೆ ಒಂದು ಎಂದು ಮೂರು ಕೋಲು, ಮೂರಕ್ಕೂ ಕರಿಯ ಗುಂಡು. ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳಲ್ಲಿ ಬಹುಕಾಲ ಗೇರ್ ಕೋಲು ಸ್ಟಿಯರಿಂಗ್ ಬುಡದಲ್ಲೇ ಇತ್ತು. ಆ ಗುಂಡುಗಳೆಲ್ಲ ಬಾಟಲಿಯ ಬಿರಡೆಯ ಹಾಗೆ ತಿರುಪಿನ ಮೇಲೆ ಕುಳಿತವು. ಎಡಕ್ಕೆ ತಿರುಗಿಸಿದರೆ ಬರುತ್ತಿತ್ತು, ಬಲಕ್ಕೆ ತಿರುಗಿಸಿದರೆ ಕೂರುತ್ತಿತ್ತು. ನಮ್ಮ ಕೈಗೆ ಹತ್ತಿದ ಅಭ್ಯಾಸ ಅದು. ನನ್ನನ್ನು ಕೆಡಿಸಿದ್ದೂ ಅದೇ ಅಭ್ಯಾಸ.

2014ರಲ್ಲಿ ಮಾರುತಿಯವರು ಸೆಲೆರಿಯೊ ಎಂಬ ಸಣ್ಣ ಕಾರನ್ನು ಕ್ಲಚ್ ಪೆಡಲ್ ಇಲ್ಲದ ಮಾದರಿಯಲ್ಲಿಯೂ ತಂದ ಮೇಲೆ ಆಟೊಮೆಟಿಕ್ ಗೇರು ಸಿರಿವಂತರ ಸೊತ್ತಾಗಿ ಉಳಿಯಲಿಲ್ಲ. ಮೊಣಕಾಲು ನೋವಿನವರು, ಹೊಸದಾಗಿ ಕಲಿಯುವವರು, ವಯಸ್ಸಾದವರು ಈಗ ಅದನ್ನೇ ಕೇಳುತ್ತಾರೆ. ನಾನೂ ಮೊಣಕಾಲಿನ ಸಲುವಾಗಿಯೇ ಹಳೆಯ ಆಟೊಮೆಟಿಕ್ ಕಾರೊಂದನ್ನು ಕೊಂಡಿದ್ದೆ. ಯಾವ ಕಂಪನಿಯದೆಂಬುದು ಇಲ್ಲಿ ಬೇಡ, ತಪ್ಪು ಕಾರಿನದಲ್ಲ.

ಅದರ ಹಿಡಿಗೆ ಹೊದಿಸಿದ ಚರ್ಮ ಎರಡು ಮಳೆಗಾಲದಲ್ಲಿ ಬೂಸಲು ಹಿಡಿದು ಸಿಪ್ಪೆ ಏಳತೊಡಗಿತು. ಒಳಗಿನ ಮೆತ್ತನೆಯ ಪ್ಲಾಸ್ಟಿಕ್ಕು ಬೆಲ್ಲದ ಹಾಗೆ ಅಂಟುತ್ತಿತ್ತು. ಕೊಯ್ಲಿನ ದಿನಗಳಲ್ಲಿ ಚೊಗರಿನ ಕೈಯಲ್ಲೇ ಕಾರು ಹತ್ತುವ ನಮಗೆ ಹಿಡಿ ಚೆಂದವಾಗಿ ಉಳಿಯುವುದಾದರೂ ಹೇಗೆ? ಬೆಂಗಳೂರಿನಲ್ಲಿರುವ ಮಗ ಹೊಸದೊಂದನ್ನು ತರಿಸಿ ಕಳಿಸಿದ. "ಅಪ್ಪಯ್ಯ, ಹತ್ತು ನಿಮಿಷದ ಕೆಲಸ" ಎಂದು ಫೋನಿನಲ್ಲಿ ಹೇಳಿದ.

ಮಾರನೆಯ ದಿನ ಬೆಳಿಗ್ಗೆ ಆಯಿಯನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ಹುಬ್ಬಳ್ಳಿಗೆ ಕರೆದೊಯ್ಯಬೇಕಿತ್ತು. ಸಂಜೆ ಬಿಡುವಿದೆಯಲ್ಲ ಎಂದು ಕಾರನ್ನು ದಣಪೆಯ ಎದುರು ನಿಲ್ಲಿಸಿ ಕೆಲಸಕ್ಕೆ ಕೂತೆ. ಗೇರು 'ಪಿ'ಯಲ್ಲಿತ್ತು. ಹಿಡಿಯನ್ನು ಎಡಕ್ಕೆ ತಿರುಗಿಸಿದೆ, ಜಗ್ಗಲಿಲ್ಲ. ಬಟ್ಟೆ ಸುತ್ತಿ ಇಕ್ಕಳ ಹಾಕಿ ತಿರುಗಿಸಿದೆ. ಕಾಲು ಸುತ್ತು ತಿರುಗಿ ಒಳಗೆ ಏನೋ ಲಟಕ್ಕೆಂದಿತು. ಬಂತು ಎಂದುಕೊಂಡು ಎರಡೂ ಕೈ ಹಾಕಿ ಮೇಲಕ್ಕೆ ಎಳೆದೆ. ಬಂದದ್ದೇನೋ ಹೌದು. ಬಂದ ರಭಸಕ್ಕೆ ತುಟಿ ಒಡೆಯಿತು. ಹಿಡಿಯ ಪಕ್ಕದಲ್ಲಿದ್ದ ಗುಂಡಿಯೂ ಅದರ ಸ್ಪ್ರಿಂಗೂ ಎತ್ತಲೋ ಹಾರಿಹೋದವು. ಉಳಿದದ್ದು ಬೋಳು ಕಬ್ಬಿಣದ ನಳಿಗೆ, ಅದರೊಳಗೆ ಒಂದು ಸಣ್ಣ ಸರಳು. ಕೋಲನ್ನು 'ಪಿ'ಯಿಂದ ಕದಲಿಸಲು ಹೋದರೆ ಕಲ್ಲಿನಂತೆ ನಿಂತಿದೆ. ಕಾರು ದಣಪೆಗೆ ಅಡ್ಡ. ಒಳಗಿರುವ ಕೊನೆ ತುಂಬಿದ ಟ್ರ್ಯಾಕ್ಟರ್ ಹೊರಗೆ ಹೋಗುವಂತಿಲ್ಲ, ಹೊರಗಿನಿಂದ ಬೇರೆ ಗಾಡಿ ಬರುವಂತಿಲ್ಲ. ಆಯಿ ಮಾತ್ರ ಚೀಲ ಜೋಡಿಸಿಕೊಂಡು ಜಗುಲಿಯಲ್ಲಿ ಕುಳಿತಿದ್ದಳು.

ಪಂಪು, ಟಿಲ್ಲರು, ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುವ ಪರಿಚಯದ ಫಿಟ್ಟರ್ ಒಬ್ಬರಿಗೆ ಫೋನು ಮಾಡಿದೆ. ರಾತ್ರಿ ಒಂಬತ್ತರ ಹೊತ್ತಿಗೆ ಬಂದರು. ಬಂದವರು ಕಾರಿಗೆ ಕೈ ಹಚ್ಚಲಿಲ್ಲ. ಕಿತ್ತುಬಂದ ಹಿಡಿಯನ್ನು ಬ್ಯಾಟರಿ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಯಜಮಾನ್ರ, ಇದು ತಿರುಪಿಂದಲ್ಲರಿ. ಇದನ್ನ ಹಿಡಕೊಂಡದ್ದು ಯಾವುದು ಅಂತ ಮೊದಲ ನೋಡಬೇಕಾಗಿತ್ತರಿ" ಎಂದರು. ನಳಿಗೆಯ ಕೊರಳಿನ ಗಾಡಿಯಲ್ಲಿ ಕುದುರೆ ಲಾಳದ ಆಕಾರದ ಪುಟ್ಟ ತಂತಿ ಕ್ಲಿಪ್ಪು ಇನ್ನೂ ಹಾಗೆಯೇ ಕೂತಿತ್ತು. ಅದನ್ನು ಉಗುರಿನಷ್ಟು ಎಳೆದಿದ್ದರೆ ಹಿಡಿ ತಾನಾಗಿ ಮೇಲೆ ಬರುತ್ತಿತ್ತು. ನಾನು ಕ್ಲಿಪ್ಪನ್ನು ಬಿಟ್ಟು ಅದು ಕಚ್ಚಿದ್ದ ಪ್ಲಾಸ್ಟಿಕ್ಕನ್ನೇ ಹರಿದಿದ್ದೆ.

ಇಲ್ಲಿ ಆ ಗುಂಡಿಯ ಕೆಲಸವೇನೆಂದು ಹೇಳಬೇಕು. ಗುಂಡಿ ಒತ್ತಿದಾಗ ನಳಿಗೆಯೊಳಗಿನ ಸರಳು ಸರಿಯುತ್ತದೆ. ಸರಳಿನ ಬುಡದ ಅಡ್ಡಮೊಳೆ ತನ್ನ ಕಚ್ಚಿನಿಂದ ಬಿಡುತ್ತದೆ. ಆಗ ಮಾತ್ರ ಕೋಲು 'ಪಿ'ಯಿಂದ ಹೊರಬರುತ್ತದೆ, ಇಲ್ಲವೇ ಹಿಮ್ಮುಖದ 'ಆರ್'ಗೆ ಹೋಗುತ್ತದೆ. ಜೊತೆಗೆ ಬ್ರೇಕ್ ತುಳಿಯದೆ 'ಪಿ' ಬಿಡದಂತೆ ವಿದ್ಯುತ್ತಿನ ಇನ್ನೊಂದು ತಡೆಯೂ ಈಗಿನ ಕಾರುಗಳಲ್ಲಿದೆ. ಇದೆಲ್ಲ ಅತಿ ಜಾಗ್ರತೆ ಎನಿಸಬಹುದು. ಆದರೆ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನೊಡನೆ ಅಮೆರಿಕದಲ್ಲಿ ಪೂರ್ಣ ಆಟೊಮೆಟಿಕ್ ಗೇರು ಮಾರುಕಟ್ಟೆಗೆ ಬಂದಾಗ ಮುಂದಿನ ಗೇರಿನ ಪಕ್ಕದಲ್ಲೇ ಹಿಂದಿನ ಗೇರು ಇತ್ತು. ಕೈ ತಪ್ಪಿದರೆ ಕಾರು ಹಿಂದಕ್ಕೆ. ಮುಂದು ಹಿಂದುಗಳ ನಡುವೆ ನ್ಯೂಟ್ರಲ್ ಇರಲೇಬೇಕೆಂದು ಅಲ್ಲಿ ಕಾನೂನು ಬಂದದ್ದು 1968ರಲ್ಲಿ. ಪಿ, ಆರ್, ಎನ್, ಡಿ ಎಂಬ ಅಕ್ಷರಗಳ ಈ ಸಾಲಿನ ಹಿಂದೆ ಅಂಥ ಪಾಠಗಳಿವೆ.

ಫಿಟ್ಟರ್ ಮೊದಲು ಚಕ್ರಗಳ ಮುಂದೆ ಹಿಂದೆ ಕಟ್ಟಿಗೆ ತುಂಡು ಇಟ್ಟರು. ಕೈಬ್ರೇಕು ಎಳೆದಿದೆಯೇ ಎಂದು ನೋಡಿದರು. ನನ್ನನ್ನು ಕೂರಿಸಿ ಕೀಲಿ ತಿರುಗಿಸಿ ಬ್ರೇಕ್ ತುಳಿಯಲು ಹೇಳಿದರು. ಸ್ಕ್ರೂಡ್ರೈವರಿನ ತುದಿಯಿಂದ ನಳಿಗೆಯೊಳಗಿನ ಸರಳನ್ನು ಕೆಳಕ್ಕೆ ಒತ್ತಿ ಕೋಲನ್ನು ಮೆಲ್ಲಗೆ ಎಳೆದರೆ 'ಎನ್'ಗೆ ಬಂತು. ಕಟ್ಟಿಗೆ ತೆಗೆದು ನಾಲ್ಕು ಜನ ಸೇರಿ ಕಾರನ್ನು ಪಕ್ಕಕ್ಕೆ ನೂಕಿದೆವು. ಬೆಳಿಗ್ಗೆ ನೆರೆಮನೆಯವರ ಜೀಪಿನಲ್ಲಿ ಆಯಿಯನ್ನು ಕರೆದೊಯ್ದೆವು.

ಆ ಮೇಲೆ ಫಿಟ್ಟರರನ್ನು ಕಾಡಿ ಬೇಡಿ ಕೇಳಿ ತಿಳಿದದ್ದನ್ನೂ ನಾನೇ ಕೈಯಾಡಿಸಿ ಕಲಿತದ್ದನ್ನೂ ಇಲ್ಲಿ ಬರೆಯುತ್ತೇನೆ. ಹಿಡಿ ಬಿಡಿಸುವ ಮೊದಲು ಕಾರು ಸಮತಟ್ಟು ಜಾಗದಲ್ಲಿ ಇರಲಿ. ನಮ್ಮ ಅಂಗಳಗಳು ಸಾಮಾನ್ಯವಾಗಿ ಬಾವಿಯ ಕಡೆಗೋ ತೋಟದ ಕಡೆಗೋ ಇಳಿಜಾರು. 'ಪಿ'ಗೆ ಹಾಕಿದಾಗ ಗೇರ್ ಪೆಟ್ಟಿಗೆಯೊಳಗಿನ ಹಲ್ಲುಚಕ್ರದ ಸಂದಿಗೆ ಒಂದು ಕೊಕ್ಕೆ ಬಿದ್ದು ಗಾಡಿ ನಿಲ್ಲುತ್ತದೆ. ಇಡೀ ಕಾರಿನ ಭಾರ ಆ ಒಂದು ಕೊಕ್ಕೆಯ ಮೇಲೆ. ಕೈಬ್ರೇಕು, ಚಕ್ರಕ್ಕೆ ಕಲ್ಲು ಎರಡೂ ಇಲ್ಲದೆ ಕೋಲಿನ ಸುದ್ದಿಗೆ ಹೋಗಬಾರದು.

ಆಮೇಲೆ ನೋಡಬೇಕಾದದ್ದು ಹಿಡಿಯಲ್ಲಿ ಗುಂಡಿ ಇದೆಯೇ ಎಂಬುದು. ಗುಂಡಿ ಇದ್ದರೆ ಅದು ತಿರುಪಿನದಲ್ಲ ಎಂದೇ ಹಿಡಿದು ಹೊರಡಿ. ಹಿಡಿಯ ಮುಂಭಾಗವನ್ನು, ಅಂದರೆ ಚಾಲಕನ ಕಣ್ಣಿಗೆ ಬೀಳದೆ ಡ್ಯಾಶ್‌ಬೋರ್ಡಿನ ಕಡೆಗಿರುವ ಬದಿಯನ್ನು, ಬೆರಳಾಡಿಸಿ ನೋಡಬೇಕು. ಒಂದೋ ಎರಡೋ ಸಣ್ಣ ಸ್ಕ್ರೂ ಅಲ್ಲಿ ಅಡಗಿರುತ್ತವೆ. ಚರ್ಮದ ಅಂಚಿನ ಕೆಳಗೆ ಇರುವುದೂ ಉಂಟು. ಸ್ಕ್ರೂ ಸಿಗದಿದ್ದರೆ ಹಿಡಿಯ ಕೆಳಗಿನ ಕೊರಳಪಟ್ಟಿಯನ್ನು ಕೆಳಕ್ಕೆ ಜಾರಿಸಲು ನೋಡಿ. ಕೆಲವು ಹಾಗೇ ಇಳಿಯುತ್ತವೆ, ಕೆಲವನ್ನು ತುಸು ತಿರುಗಿಸಿ ಇಳಿಸಬೇಕು. ಅದರ ಹಿಂದೆ ನನ್ನ ಮಾನ ಕಳೆದ ಆ ಲಾಳದ ಕ್ಲಿಪ್ಪು ಇರುತ್ತದೆ. ಯುರೋಪಿನ ಕೆಲವು ಕಾರುಗಳಲ್ಲಿ ಕೋಲಿನ ಚರ್ಮದ ಗವಸನ್ನು ಬುಡದಿಂದ ಬಿಡಿಸಿ ಒಳಮೈ ಹೊರಗೆ ಮಾಡಿ ಮೇಲಕ್ಕೆ ಮಗುಚಿದರೆ ಒಂದು ಹಿಸುಕಿದ ಬಳೆ ಕಾಣುತ್ತದೆ. ಅದನ್ನು ಸಡಿಲಿಸಿದರೆ ಹಿಡಿ, ಗವಸು ಒಟ್ಟಿಗೇ ಬರುತ್ತವೆ. ಹಿಡಿಯ ಮೇಲೆ ಓವರ್‌ಡ್ರೈವ್ ಗುಂಡಿ ಇದ್ದರೆ ಒಳಗೆ ವೈರು ಇದೆ ಎಂದು ತಿಳಿಯಿರಿ. ಎಳೆದರೆ ವೈರೂ ಬರುತ್ತದೆ, ಬೇರೆಯ ಖರ್ಚೂ ಬರುತ್ತದೆ.

ಸ್ಕ್ರೂ, ಕ್ಲಿಪ್ಪು ಯಾವುದೂ ಇಲ್ಲದೆ ಕೇವಲ ಒತ್ತಿ ಕೂರಿಸಿದ ಜಾತಿಯೂ ಇದೆ. ಅದನ್ನು ನೇರ ಮೇಲಕ್ಕೇ ಎಳೆಯಬೇಕು, ತಿರುಗಿಸುವಂತಿಲ್ಲ. ಎಳೆಯುವಾಗ ಮುಖ ಕೋಲಿನ ನೇರಕ್ಕೆ ಬೇಡ. ಗಲ್ಲದ ಕೆಳಗೆ ದಪ್ಪ ಟವೆಲ್ ಇದ್ದರೆ ಇನ್ನೂ ಒಳ್ಳೆಯದು. ಈ ಮಾತು ನನ್ನ ತುಟಿಯ ಅನುಭವ.

ಇಷ್ಟಾದರೂ ಬಾರದ ಹಟಮಾರಿಗಳಿವೆ. ಕೈಬೆವರಿನಿಂದ ನಳಿಗೆ ತುಕ್ಕು ಹಿಡಿದಿರುತ್ತದೆ, ಅಥವಾ ಹಿಂದಿನ ಮಾಲಿಕ ಅಂಟು ಹಾಕಿರುತ್ತಾನೆ. ಕತ್ತಿಯ ಹಿಡಿ ಬಿಡಿಸುವುದು ನಮಗೆ ಗೊತ್ತಲ್ಲ? ಅರಗು ಹಾಕಿ ಕೂರಿಸಿದ ಹಿಡಿಯನ್ನು ಯಾರೂ ಬಡಿದು ತೆಗೆಯುವುದಿಲ್ಲ. ಕತ್ತಿಯ ಬುಡ ಕಾಯಿಸುತ್ತಾರೆ, ಅರಗು ಕರಗಿ ಹಿಡಿ ಬಿಡುತ್ತದೆ. ಇಲ್ಲಿಯೂ ಯುಕ್ತಿ ಅದೇ, ಬೆಂಕಿ ಮಾತ್ರ ಬೇಡ. ಬಿಸಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಹಿಡಿಗೆ ಸುತ್ತಿ ಐದಾರು ನಿಮಿಷ ಬಿಡಬೇಕು. ಮನೆಯಲ್ಲಿ ಕೂದಲು ಒಣಗಿಸುವ ಯಂತ್ರವಿದ್ದರೆ ಅದೂ ಆದೀತು. ಪ್ಲಾಸ್ಟಿಕ್ಕು ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುವುದರಿಂದ ಹಿಡಿ ಸಡಿಲಾಗುತ್ತದೆ. ತುಕ್ಕಿನ ಅನುಮಾನವಿದ್ದರೆ ಹಿಂದಿನ ರಾತ್ರಿಯೇ ಕೊರಳಿನ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಬಿಟ್ಟು, ಸುತ್ತ ಹಳೆಬಟ್ಟೆ ಕಟ್ಟಿಡಿ. ಎರಡು ಹನಿ ಎಂದರೆ ಎರಡೇ ಹನಿ, ಬುಡದಲ್ಲಿ ವಿದ್ಯುತ್ತಿನ ಸ್ವಿಚ್ಚುಗಳಿರುತ್ತವೆ. ಕೈ ಜಾರಿದರೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಹಿಡಿಯಿರಿ.

ಕೊನೆಯ ಉಪಾಯ ಬೆಣೆ. ಬಾಯಿ ತೆರೆದ ಪಾನಾವನ್ನು ಹಿಡಿಯ ಕೆಳಗೆ ಕೋಲಿಗೆ ಸಿಕ್ಕಿಸಿ, ಅದರ ಮತ್ತು ಹಿಡಿಯ ನಡುವೆ ಎರಡೂ ಬದಿಯಿಂದ ತೆಳುವಾದ ಮರದ ಬೆಣೆ ತೂರಿಸಿ, ಸರದಿಯಂತೆ ಒಂದಿಷ್ಟೊಂದಿಷ್ಟೇ ಒತ್ತುತ್ತ ಹೋಗುವುದು. ಪಾನಾದ ಕೆಳಗೆ ಅಡಿಕೆ ಹಾಳೆಯ ತುಂಡು ಇಟ್ಟರೆ ಅಕ್ಷರದ ಫಲಕಕ್ಕೆ ಗೀರು ಬೀಳದು. ಸುತ್ತಿಗೆ ಕೂಡದು. ಕೋಲಿನ ಬುಡ ಅನೇಕ ಕಾರುಗಳಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆ, ಅಲ್ಲಿಂದ ಗೇರ್ ಪೆಟ್ಟಿಗೆಗೆ ಹೋಗುವುದು ಒಂದು ಕೇಬಲ್. ಬುಡ ಒಡೆದರೆ ಹಿಡಿಯ ಮಾತು ಹೋಗಿ ಇಡೀ ಜೋಡಣೆಯನ್ನೇ ತರಿಸಬೇಕಾಗುತ್ತದೆ. ಸೆಲೆರಿಯೊದಂಥ ಕ್ಲಚ್ ಪೆಡಲ್ ಇಲ್ಲದ ಸಣ್ಣ ಕಾರುಗಳಲ್ಲಿ 'ಪಿ'ಯೇ ಇಲ್ಲ, ಕೋಲು ಬರೀ ವಿದ್ಯುತ್ ಸಂಜ್ಞೆ ಕಳಿಸುವ ಸಾಧನ. ಅಂಥದ್ದನ್ನು ಬಲ ಹಾಕಿ ತಿರುಚಲೇಬಾರದು.

ಹೊಸ ಹಿಡಿ ಕೊಳ್ಳುವಾಗಿನ ಎಚ್ಚರ ಬೇರೆ. ಗುಂಡಿ ಇದ್ದ ಕೋಲಿಗೆ ಗುಂಡಿ ಇಲ್ಲದ ಚೆಂದದ ಗೋಲಿ ಕೂರಿಸಿ ಕೊಡುವವರಿದ್ದಾರೆ. ಅದಕ್ಕಾಗಿ ಸರಳಿನ ತಡೆಯನ್ನೇ ತೆಗೆದುಹಾಕುವುದೂ ಉಂಟಂತೆ. ಮಗುವಿನ ಕೈ ತಗುಲಿದರೂ ಕಾರು ಹಿಂದಕ್ಕೆ ಹೋದೀತು. ಮಗ ಕಳಿಸಿದ್ದೂ ನಮ್ಮ ಕಾರಿಗೆ ಹೊಂದದ ತಿರುಪಿನ ಹಿಡಿಯೇ ಆಗಿತ್ತು. ಅದನ್ನು ಮರಳಿಸಿ ಅದೇ ಕಾರಿನ ಅದೇ ಮಾದರಿಯದನ್ನು ತರಿಸಿದೆವು. ಕ್ಲಿಪ್ಪು ಹಾಕಿ ಕೂರಿಸಲು ಹಿಡಿದ ಸಮಯ ಮೂರು ನಿಮಿಷ.

ಇನ್ನೊಂದು ಮಾತು ಸೇರಿಸುತ್ತೇನೆ, ಹಿಡಿ ಬಿಡಿಸದವರಿಗೂ ಇದು ಬೇಕಾಗುತ್ತದೆ. ಬ್ಯಾಟರಿ ಸತ್ತರೆ ವಿದ್ಯುತ್ ತಡೆಯಿಂದಾಗಿ ಕೋಲು 'ಪಿ'ಯಲ್ಲೇ ಸಿಕ್ಕಿಬೀಳುತ್ತದೆ. ಬಹಳಷ್ಟು ಕಾರುಗಳಲ್ಲಿ ಕೋಲಿನ ಪಕ್ಕದಲ್ಲಿ ಶಿಫ್ಟ್ ಲಾಕ್ ಎಂದು ಬರೆದ ಸಣ್ಣ ಮುಚ್ಚಳವಿರುತ್ತದೆ. ಕೈಬ್ರೇಕು ಎಳೆದು, ಬ್ರೇಕ್ ತುಳಿದು, ಆ ಮುಚ್ಚಳ ತೆಗೆದು ಕೀಲಿಯ ತುದಿಯಿಂದ ಒಳಗೆ ಒತ್ತಿ ಹಿಡಿದರೆ ಕೋಲು 'ಎನ್'ಗೆ ಬರುತ್ತದೆ. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆಯೆಂದು ಈ ವಾರವೇ ಹಗಲಿನಲ್ಲಿ ನೋಡಿಟ್ಟುಕೊಳ್ಳಿ.

ಹಾರಿಹೋದ ಸ್ಪ್ರಿಂಗು ಸಿಕ್ಕಿದ್ದು ಸುಗ್ಗಿ ಮುಗಿದು ಕಾರು ತೊಳೆಯುವಾಗ, ಹಿಂದಿನ ಸೀಟಿನ ಕೆಳಗೆ ಬಿದ್ದಿದ್ದ ಎರಡು ಚಾಲಿ ಅಡಿಕೆಯ ಜೊತೆ. ಆಯಿಯ ಕಣ್ಣು ಈಗ ನಿಚ್ಚಳವಾಗಿದೆ. ಅದನ್ನು ಹೆಕ್ಕಿ ಕೊಟ್ಟವಳೂ ಅವಳೇ.