ಪುನಶ್ಚೇತನ ಕೃಷಿ: ಕೆಂಪು ಹೊಲದ ಲೆಕ್ಕ, ಊರಿನ ನಂಬಿಕೆ

ಬೆಳೆ ತೆಗೆಯುತ್ತಲೇ ಮಣ್ಣಿನ ಸತ್ವವನ್ನೂ ಹೆಚ್ಚಿಸಿಕೊಂಡು ಹೋಗುವ ಬೇಸಾಯಕ್ಕೆ ಪುನಶ್ಚೇತನ ಕೃಷಿ ಎಂದು ಹೆಸರು. ಮಣ್ಣನ್ನು ಆದಷ್ಟು ಕಡಿಮೆ ಕೆದಕುವುದು, ನೆಲವನ್ನು ಬರಿದಾಗಿ ಬಿಡದಿರುವುದು, ಒಂದೇ ಹೊಲದಲ್ಲಿ ಹಲವು ಬೆಳೆ ಬೆಳೆಯುವುದು, ದನ-ಕುರಿಯ ಗೊಬ್ಬರ ಹೊಲಕ್ಕೇ ಸೇರುವಂತೆ ನೋಡಿಕೊಳ್ಳುವುದು ಇದರ ಮುಖ್ಯ ಅಂಗಗಳು. ಈ ಹೆಸರನ್ನು 1980ರ ದಶಕದಲ್ಲಿ ಪ್ರಚಾರಕ್ಕೆ ತಂದವರು ಅಮೆರಿಕದ ರಾಬರ್ಟ್ ರೊಡೇಲ್. ಹೆಸರು ಹೊರಗಿನದೆಂದು ಪದ್ಧತಿಯೂ ಹೊರಗಿನದೆಂದು ತಿಳಿಯುವವರಿದ್ದಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳನ್ನು ಅಕ್ಕಡಿ ಸಾಲಾಗಿ ಬಿತ್ತುವುದು, ಕುರಿ ಮಂದೆ ನಿಲ್ಲಿಸುವುದು, ಕೆರೆಯ ಗೋಡು ಹೊಡೆಯುವುದು ಬಹಳ ಹಿಂದಿನಿಂದ ಇದೆ. ಹಾಗೆಂದು ಹಿರಿಯರು ಮಾಡಿದ್ದೆಲ್ಲ ಸರಿಯೆನ್ನಲಾಗದು. ಮಳೆಗೆ, ಬಿಸಿಲಿಗೆ ಬಿಟ್ಟ ತೆರೆದ ತಿಪ್ಪೆಯಿಂದ ಸಾರಜನಕ ಹೊಲ ಸೇರುವ ಮುಂಚೆಯೇ ಹಾರಿ, ಹರಿದು ಹೋಗುತ್ತದೆ. ನೆರಳಿನ ಗುಂಡಿಯಲ್ಲಿ ಮಣ್ಣು ಮುಚ್ಚಿ ಕೊಳೆಸಿದ ಗೊಬ್ಬರದಲ್ಲಿ ಅದು ಎಷ್ಟೋ ಮಟ್ಟಿಗೆ ಉಳಿಯುತ್ತದೆ.

ಪುನಶ್ಚೇತನ ಎಂದರೆ ಸಾವಯವವೇ, ಒಂದು ಹಿಡಿ ರಸಗೊಬ್ಬರ ಬಿದ್ದರೂ ಕೆಟ್ಟಿತು ಎಂಬ ಮಾತು ಸಾಮಾನ್ಯ. ಸಾವಯವಕ್ಕೆ ಭಾರತದಲ್ಲಿ ಸರ್ಕಾರಿ ಮಾನದಂಡವಿದೆ, ಪ್ರಮಾಣಪತ್ರವಿದೆ. ಪುನಶ್ಚೇತನಕ್ಕೆ ಅಂಥ ಸರ್ಕಾರಿ ಮಾನದಂಡವಿಲ್ಲ, ಅದನ್ನು ಅಳೆಯುವುದು ಮಣ್ಣಿನಿಂದಲೇ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದಲ್ಲಿ 1978ರಲ್ಲಿ ಶುರುವಾದ ಮಳೆಯಾಶ್ರಿತ ರಾಗಿಯ ದೀರ್ಘಾವಧಿ ಪ್ರಯೋಗ ಇಲ್ಲಿ ಉಪಯುಕ್ತ ಸಾಕ್ಷಿ. ಬರೀ ರಸಗೊಬ್ಬರ ಕಂಡ ತಾಕುಗಳಲ್ಲಿ ವರ್ಷ ಕಳೆದಂತೆ ಇಳುವರಿ ಕುಸಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ರಸಗೊಬ್ಬರವನ್ನೂ ಕೊಟ್ಟ ತಾಕುಗಳು ಇಳುವರಿಯನ್ನು ಉಳಿಸಿಕೊಂಡವು. ರಸಗೊಬ್ಬರವೊಂದೇ ಕೊಟ್ಟಿಗೆ ಗೊಬ್ಬರಕ್ಕೆ ಬದಲಿಯಾಗದು ಎಂಬುದು ಇದರಿಂದ ಸ್ಪಷ್ಟ. ರಸಗೊಬ್ಬರ ವಿಷ ಎಂಬುದಕ್ಕೆ ಇದರಲ್ಲಿ ಆಧಾರವಿಲ್ಲ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ ಜೀವಾಮೃತದ್ದು: ಒಂದು ಡ್ರಮ್ಮು ಜೀವಾಮೃತ ಎರೆದರೆ ಎಕರೆಗೆ ಬೇರೆ ಗೊಬ್ಬರ ಬೇಡ. ಶೂನ್ಯ ಬಂಡವಾಳ ಕೃಷಿಯ ಪ್ರತಿಪಾದಕ ಸುಭಾಷ್ ಪಾಳೇಕರ್ ಹೇಳಿದ 200 ಲೀಟರಿನ ಅಳತೆಯಲ್ಲಿ ಸೇರುವುದು 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಹಿಟ್ಟು, ಒಂದು ಹಿಡಿ ಮಣ್ಣು. ಇವೆಲ್ಲದರ ಸಾರಜನಕ ಕೂಡಿಸಿದರೆ ಸುಮಾರು 200 ಗ್ರಾಂ. ತಿಂಗಳಿಗೊಮ್ಮೆಯಂತೆ ನಾಲ್ಕು ತಿಂಗಳು ಎರೆದರೂ ಒಂದು ಕಿಲೋ ದಾಟದು. ಎಕರೆಗೆ 10 ಕ್ವಿಂಟಲ್ ರಾಗಿ ಬಂದರೆ ಕಾಳಿನ ಜೊತೆಗೇ 11-12 ಕಿಲೋ ಸಾರಜನಕ ಹೊಲದಿಂದ ಆಚೆ ಹೋಗುತ್ತದೆ, ಹುಲ್ಲಿನ ಲೆಕ್ಕ ಬೇರೆ. ಜೀವಾಮೃತ ಆಹಾರವಲ್ಲ, ಹೆಪ್ಪಿನಂತೆ ಸೂಕ್ಷ್ಮಜೀವಿಗಳನ್ನು ಕೂಡಿಸುವಂಥದ್ದು ಎಂದು ಅದರ ಪ್ರತಿಪಾದಕರೂ ಹೇಳುತ್ತಾರೆ. ಹೆಪ್ಪು ಹಾಕಲು ಹಾಲಿರಬೇಕು. ಎಲೆ, ಕಸ, ಗೊಬ್ಬರ ಇಲ್ಲದ ಮಣ್ಣಿನಲ್ಲಿ ಆ ಜೀವಿಗಳಿಗೆ ಕೆಲಸವೇ ಇರುವುದಿಲ್ಲ. 4 ಟನ್ ಕೊಟ್ಟಿಗೆ ಗೊಬ್ಬರದಲ್ಲಾದರೆ ಸುಮಾರು 20 ಕಿಲೋ ಸಾರಜನಕವಿರುತ್ತದೆ, ಅದರಲ್ಲಿ ಒಂದಂಶ ಮಾತ್ರ ಮೊದಲ ಬೆಳೆಗೆ ಸಿಗುತ್ತದೆ, ಉಳಿದದ್ದು ಮುಂದಿನ ವರ್ಷಗಳಿಗೆ.

ನಾಟಿ ಹಸುವಿನ ಸಗಣಿಯೇ ಆಗಬೇಕೆಂಬುದೂ ಇದೇ ಸಾಲಿನ ಮಾತು. ಸಗಣಿಯ ಗುಣ ನಿಲ್ಲುವುದು ಹೆಚ್ಚಾಗಿ ಮೇವಿನ ಮೇಲೆ. ಡೈರಿಗೆ ಹಾಲು ಹಾಕುವ ಮನೆಯ ಸೀಮೆಹಸು ದಿನಕ್ಕೆ ಹಾಕುವ ಸಗಣಿಯೂ ಹೆಚ್ಚು.

ಉಳುಮೆ ನಿಲ್ಲಿಸಿದರೆ ಮಣ್ಣು ತಾನೇ ಸುಧಾರಿಸುತ್ತದೆ ಎಂಬ ನಂಬಿಕೆ ದೊಡ್ಡಬಳ್ಳಾಪುರ, ಹೊಸಕೋಟೆಯ ಕಡೆ ನಷ್ಟಕ್ಕೆ ದಾರಿ. ಇಲ್ಲಿನ ಕೆಂಪು ಮಣ್ಣು ಜೋರು ಮಳೆ ಹೊಡೆದು ಒಣಗಿದೊಡನೆ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ಹೊದಿಕೆಯಿಲ್ಲದೆ ಉಳುಮೆ ಮಾತ್ರ ಬಿಟ್ಟರೆ ಮುಂದಿನ ಮಳೆ ಇಂಗದೆ ಹರಿದುಹೋಗುತ್ತದೆ, ಗರಿಕೆ, ಕೊನ್ನಾರಿ ಹೊಲವನ್ನು ಹಿಡಿಯುತ್ತವೆ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಇದನ್ನೇ ಕಂಡಿತು: ಉಳುಮೆರಹಿತ ಬೇಸಾಯ ಒಂಟಿಯಾಗಿ ಇಳುವರಿ ತಗ್ಗಿಸುತ್ತದೆ, ಹೊದಿಕೆ ಮತ್ತು ಬೆಳೆ ಬದಲಾವಣೆ ಜೊತೆಗಿದ್ದರೆ ಒಣ ಪ್ರದೇಶದ ಮಳೆಯಾಶ್ರಿತ ಬೆಳೆಯಲ್ಲಿ ಲಾಭವೂ ಉಂಟು. ತೊಡಕಿರುವುದು ಹೊದಿಕೆಯಲ್ಲಿ. ರಾಗಿ ಹುಲ್ಲು ಮೆದೆಗೆ ಹೋಗುತ್ತದೆ, ಮೆದೆಯಿಂದ ಹಸುವಿಗೆ. ಹಾಲಿನ ದುಡ್ಡಿನಲ್ಲಿ ಸಂಸಾರ ನಡೆಯುವ ಮನೆಗೆ ಹುಲ್ಲನ್ನು ನೆಲಕ್ಕೆ ಹಾಸಿ ಎಂದು ಹೇಳುವ ಪುಸ್ತಕಗಳು ಆ ಮನೆಯನ್ನು ನೋಡಿಲ್ಲ. ಅಂಥ ಮನೆಗೆ ಹೊಂದುವ ಮಾರ್ಗವೆಂದರೆ ಬದುವಿನ ಮೇಲೆ ಗ್ಲಿರಿಸಿಡಿಯಾ, ಹೊಂಗೆ ಬೆಳೆಸಿ ಸೊಪ್ಪು ಕಡಿದು ಹಾಸುವುದು, ರೋಟವೇಟರ್ ಓಡಾಟ ಕಡಿಮೆ ಮಾಡುವುದು, ಎಡೆಕುಂಟೆಯನ್ನು ಉಳಿಸಿಕೊಳ್ಳುವುದು. ಇಲ್ಲಿ ಮೇ ತಿಂಗಳಲ್ಲೊಂದು, ಸೆಪ್ಟೆಂಬರ್-ಅಕ್ಟೋಬರಿನಲ್ಲೊಂದು ಹೀಗೆ ಮಳೆಗೆ ಎರಡು ಶಿಖರಗಳಿವೆ. ಮೊದಲ ಮಳೆಗೆ ಹುರುಳಿ ಅಥವಾ ಸೆಣಬು ಚೆಲ್ಲಿ, ರಾಗಿ ಬಿತ್ತುವ ಮುಂಚೆ ಹಸಿರಾಗಿಯೇ ಮಣ್ಣಿಗೆ ಸೇರಿಸಲು ಕಾಲಾವಕಾಶ ಸಿಗುತ್ತದೆ.

ದ್ವಿದಳ ಹಾಕಿದರೆ ಸಾರಜನಕ ತಾನಾಗಿ ಸೇರುತ್ತದೆ ಎಂಬುದು ಅರ್ಧ ನಿಜ. ಬೇರುಗಂಟು ಹಿಡಿದಿಟ್ಟ ಸಾರಜನಕದ ಹೆಚ್ಚಿನ ಪಾಲು ಕಾಳಿಗೇ ಹೋಗುತ್ತದೆ. ಅವರೆಕಾಯಿ ಮಾರಿ, ಹೊಟ್ಟನ್ನು ದನಕ್ಕೆ ಹಾಕಿ, ಗೊಬ್ಬರವನ್ನು ಬೇರೆ ತೋಟಕ್ಕೆ ಸಾಗಿಸಿದರೆ ರಾಗಿ ಹೊಲಕ್ಕೆ ಉಳಿಯುವುದು ಅಲ್ಪ. ತೊಗರಿಯದು ಸ್ವಲ್ಪ ಬೇರೆ ಲೆಕ್ಕ, ಬಲಿಯುವಷ್ಟರಲ್ಲಿ ಎಲೆಯನ್ನು ಹೊಲದಲ್ಲೇ ಉದುರಿಸುತ್ತದೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬ ವಿಶ್ವವಿದ್ಯಾನಿಲಯದ ಶಿಫಾರಸು ಅಕ್ಕಡಿಯನ್ನೇ ಅಳತೆಗೆ ತಂದದ್ದು.

ನೀರಿನ ವಿಷಯದಲ್ಲಿ ಉತ್ಪ್ರೇಕ್ಷೆ ಹೆಚ್ಚು. ಸಾವಯವ ಅಂಶ ಶೇ. 1ರಷ್ಟು ಏರಿದರೆ ಎಕರೆ ಮಣ್ಣು ಲಕ್ಷ ಲೀಟರ್ ಹಿಡಿದಿಡುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಮಿನಾಸ್ನಿ ಮತ್ತು ಮೆಕ್‌ಬ್ರಾಟ್ನಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ ಇಂಗಾಲ ಶೇ. 1ರಷ್ಟು ಏರಿದಾಗ ಬೆಳೆಗೆ ಸಿಗುವ ನೀರು ಪ್ರತಿ 10 ಸೆಂಟಿಮೀಟರ್ ಮಣ್ಣಿಗೆ ಸರಾಸರಿ 1.16 ಮಿಲಿಮೀಟರ್ ಹೆಚ್ಚುತ್ತದೆ. 15 ಸೆಂಟಿಮೀಟರ್ ಮೇಲ್ಮಣ್ಣಿಗೆ ಅದು ಎಕರೆಗೆ 7,000 ಲೀಟರಿನಷ್ಟು. ಮರಳು ಮಣ್ಣಿನಲ್ಲಿ ತುಸು ಜಾಸ್ತಿ. ಹೊದಿಕೆಯಿಂದ, ಬದುವಿನಿಂದ, ಇಳಿಜಾರಿಗೆ ಅಡ್ಡಲಾಗಿ ಎಳೆದ ಸಾಲಿನಿಂದ ಒಂದೇ ಮಳೆಗೆ ಇಂಗುವ ನೀರು ಇದಕ್ಕಿಂತ ಎಷ್ಟೋ ಹೆಚ್ಚಿರಬಹುದು.

ಮರ ನೆಟ್ಟರೆ ಅಂತರ್ಜಲ ಏರುತ್ತದೆ ಎಂಬುದಕ್ಕೆ ಹೊಸಕೋಟೆಯಲ್ಲೇ ಉತ್ತರವಿದೆ. ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಅಲ್ಲಿನ ನೀಲಗಿರಿ ತೋಪಿನಲ್ಲಿ ಅಳೆದು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ ಬಿದ್ದ ಮಳೆ ಸುಮಾರು 2,100 ಮಿಲಿಮೀಟರ್, ಮರಗಳು ಬಳಸಿದ ನೀರು ಸುಮಾರು 3,400 ಮಿಲಿಮೀಟರ್. ಹೆಚ್ಚುವರಿ ನೀರು ಆಳದ ಮಣ್ಣಿನ ಸಂಗ್ರಹದಿಂದ ಬಂದದ್ದು. ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಇರುವ ಹೊಂಗೆ, ಹಲಸು, ನೇರಳೆಯನ್ನು ಒತ್ತೊತ್ತಾಗಿ ನೆಟ್ಟ ನೀಲಗಿರಿಗೆ ಹೋಲಿಸಲಾಗದು. ಯಾವ ಮರ, ಎಷ್ಟು, ಎಲ್ಲಿ ಎಂಬುದರ ಮೇಲೆ ಫಲ ನಿಂತಿದೆ.

ಎರಡು-ಮೂರು ಎಕರೆಯವರಿಗೆ ಪುನಶ್ಚೇತನ ಕೃಷಿ ಆಗದು ಎಂಬುದೂ ಸರಿಯಲ್ಲ. 2019ರಲ್ಲಿ ತೀರಿಕೊಂಡ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿ ದೊಡ್ಡಬಳ್ಳಾಪುರ ತಾಲ್ಲೂಕಿನ ಮರೇನಹಳ್ಳಿಯ ಸಣ್ಣ ಜಮೀನಿನಲ್ಲೇ ಮರ, ಬೆಳೆ, ಜಾನುವಾರುಗಳನ್ನು ಹೊಂದಿಸಿ ತೋರಿಸಿದರು. ಕೊಟ್ಟಿಗೆಗೂ ಹೊಲಕ್ಕೂ ಅಂತರ ಕಡಿಮೆಯಿರುವುದು ಸಣ್ಣ ಹಿಡುವಳಿಯ ಅನುಕೂಲ. ನಿಜವಾದ ಅಡ್ಡಿ ಕೂಲಿಯದು: ಸೊಪ್ಪು ಕಡಿಯುವುದು, ಗೊಬ್ಬರ ಹೊರುವುದು, ಕಳೆ ತೆಗೆಯುವುದು ಕೈಕೆಲಸ, ಮನೆಯ ಯುವಕರು ಕಾರ್ಖಾನೆಗೋ ವಿಮಾನ ನಿಲ್ದಾಣಕ್ಕೋ ಹೋಗಿರುತ್ತಾರೆ.

ಮಣ್ಣು ಹಿಡಿದಿಟ್ಟ ಇಂಗಾಲವನ್ನು ಕಾರ್ಬನ್ ಕ್ರೆಡಿಟ್ ಆಗಿ ಮಾರಿ ಹಣ ಮಾಡಬಹುದೆಂಬ ಆಸೆ ಈಚಿನದು. ಎಕರೆಯ 15 ಸೆಂಟಿಮೀಟರ್ ಮೇಲ್ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಸಾವಯವ ಇಂಗಾಲ ಶೇ. 0.4ರಿಂದ 0.5ಕ್ಕೆ ಏರಿದರೆ ಸೇರಿದ್ದು 900 ಕಿಲೋ ಇಂಗಾಲ, ಅದಕ್ಕೂ ಹಲವು ವರ್ಷ ಬೇಕು. ಹಾಕಿದ ಗೊಬ್ಬರದ ಇಂಗಾಲದಲ್ಲಿ ಬಹುಪಾಲು ಸೂಕ್ಷ್ಮಜೀವಿಗಳ ಉಸಿರಾಗಿ ಗಾಳಿ ಸೇರುತ್ತದೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ಕ್ಕಿಂತ ಮೇಲಿದ್ದರೆ ಹೆಚ್ಚು ಎಂದು ಲೆಕ್ಕ. ಒಂದೇ ತಾಕಿನಿಂದ, ಒಂದೇ ಆಳದಿಂದ, ಒಂದೇ ತಿಂಗಳಲ್ಲಿ ಮೂರು ವರ್ಷಕ್ಕೊಮ್ಮೆ ಮಾದರಿ ತೆಗೆದು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಿ ಪರೀಕ್ಷೆಗೆ ಕೊಟ್ಟರೆ ಆ ಹೊಲ ಯಾವ ಕಡೆ ಸಾಗುತ್ತಿದೆ ಎಂಬುದು ತಿಳಿಯುತ್ತದೆ.