ಗದರಿಕೆಗಿಂತ ಮೆಚ್ಚುಗೆ ಮೇಲು
(ಹಾಂಗ್‌ಕಾಂಗಿನ ಕ್ಯಾಂಟನೀಸ್ ಮನೆಗಳಲ್ಲಿ ಮಕ್ಕಳ ಪಾಲನೆ)

ಮಕ್ಕಳನ್ನು ಹಡೆಯುವದಕ್ಕಿಂತ ಬೆಳೆಸುವದೇ ಕಷ್ಟವೆಂದು ನಮ್ಮ ಹಿರಿಯರು ಹೇಳುತ್ತಾರೆ. ಈ ಕಷ್ಟ ಎಲ್ಲ ದೇಶದವರಿಗೂ ಇದ್ದದ್ದೇ. ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿಯೂ ಹಾಂಗ್‌ಕಾಂಗ್, ಮಕಾವ್ ನಗರಗಳಲ್ಲಿಯೂ ಕ್ಯಾಂಟನೀಸ್ ಎಂಬ ನುಡಿಯನ್ನಾಡುವ ಜನರಿದ್ದಾರೆ. ಅವರಲ್ಲಿ ಹಾಂಗ್‌ಕಾಂಗಿನ ತಾಯಿತಂದೆಗಳು ಹಳೆಯ ಶಿಸ್ತಿಗೂ ಹೊಸ ತಿಳಿವಳಿಕೆಗೂ ಹೇಗೆ ಹೊಂದಿಕೆ ಮಾಡಿಕೊಳ್ಳುತ್ತಿದ್ದಾರೆಂಬದನ್ನು ವಾಚಕರ ಮುಂದಿಡುವದು ಈ ಲೇಖನದ ಉದ್ದೇಶ.

ಅವರ ಮನೆಯ ರೀತಿನೀತಿಗಳು ನಮಗೆ ಅಷ್ಟೇನೂ ಪರಕೀಯವೆನಿಸುವದಿಲ್ಲ. ನಾವು ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಂದು ಬೇರೆಬೇರೆಯಾಗಿ ಕರೆಯುವಂತೆ ಅವರೂ ತಂದೆಯ ಅಣ್ಣನನ್ನು 'ಬಾಕ್‌ಫು' ಎಂದೂ ತಮ್ಮನನ್ನು 'ಸುಕ್‌ಸುಕ್' ಎಂದೂ ತಾಯಿಯ ಸೋದರನನ್ನು 'ಕೌಫು' ಎಂದೂ ಕರೆಯುತ್ತಾರೆ. ನಮಗೆ ಎರಡೂ ಕಡೆಯವರು ಅಜ್ಜಿಯರೇ. ಅವರಲ್ಲಿ ತಂದೆಯ ತಾಯಿ 'ಮಾಮಾ', ತಾಯಿಯ ತಾಯಿ 'ಪೊಪೊ'. ಊಟಕ್ಕೆ ಕುಳಿತಾಗ ಚಿಕ್ಕ ಮಗು ಹಿರಿಯರನ್ನು ಒಬ್ಬೊಬ್ಬರನ್ನಾಗಿ ಸಂಬಂಧ ಹಿಡಿದು ಕರೆದು, ಊಟಮಾಡಿರೆಂದು ಹೇಳಿದ ಮೇಲೆಯೇ ತಾನು ತಿನ್ನಲು ಕಡ್ಡಿಗಳನ್ನು ಎತ್ತಬೇಕು. ಎದುರಿಗೆ ಸಿಕ್ಕವರನ್ನು 'ಊಟವಾಯಿತೇ?' ಎಂದು ಕೇಳುವ ರೂಢಿಯೂ ನಮ್ಮಂತೆಯೇ ಅವರಲ್ಲಿದೆ.

ಆ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಅದು ಮಾತಿನಲ್ಲಿ ಕಾಣುವದು ಕಡಿಮೆ. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸಿದ ಸಾರನ್ನು ಬಟ್ಟಲಿಗೆ ಬಗ್ಗಿಸಿ, 'ಕುಡಿ' ಎಂದು ಮುಂದಿಡುವದೇ ತಾಯಿಯ ಅಕ್ಕರೆ. ನೆಂಟರು ಮಗುವನ್ನು ಹೊಗಳಿದರೆ, 'ಎಲ್ಲಿಯ ಜಾಣ, ಬಲು ತುಂಟ' ಎಂದು ತಂದೆ ತಳ್ಳಿಹಾಕುವದು ವಿನಯದ ಲಕ್ಷಣವೆನಿಸಿತ್ತು. ಬೈಗಳಿಗೆ ಮಾತ್ರ ಬರವಿರಲಿಲ್ಲ. 'ನಿನ್ನನ್ನು ಹಡೆಯುವದಕ್ಕಿಂತ ಒಂದು ತುಂಡು ಚಾಸಿಯು ಹಡೆದಿದ್ದರೆ ಮೇಲಾಗುತ್ತಿತ್ತು' ಎಂಬುದು ಅಲ್ಲಿ ಮನೆಮನೆಯ ಮಾತು. ಚಾಸಿಯು ಎಂದರೆ ಸುಟ್ಟ ಹಂದಿಯ ಮಾಂಸ. ನಾವು ಏಟಿಗೆ 'ಕಜ್ಜಾಯ' ಎಂದಂತೆ, ಅವರು 'ಬೆತ್ತ ಹಾಕಿ ಬೇಯಿಸಿದ ಮಾಂಸ' ಎನ್ನುತ್ತಾರೆ. ಕೋಳಿಪುಕ್ಕದ ಧೂಳು ಹೊಡೆಯುವ ಕೋಲು ಮನೆಯಲ್ಲಿ ಎರಡು ಕೆಲಸಕ್ಕೂ ಬರುತ್ತಿತ್ತು.

ಇದಕ್ಕೆ ಇಕ್ಕಟ್ಟಿನ ಬಾಳುವೆಯೂ ಒಂದು ಕಾರಣ. 1953ರ ಕ್ರಿಸ್‌ಮಸ್ ರಾತ್ರಿ ಶೆಕ್ ಕಿಪ್ ಮೆಯಿ ಎಂಬಲ್ಲಿ ಗುಡಿಸಲುಗಳಿಗೆ ಬೆಂಕಿ ಬಿದ್ದು ಸುಮಾರು 53,000 ಜನ ನಿರಾಶ್ರಿತರಾದರು. ಅವರ ಸಲುವಾಗಿ ಸರಕಾರ ಕಟ್ಟಿಸಿದ ಮಾಳಿಗೆಗಳಲ್ಲಿ 120 ಚದರಡಿಯ ಒಂದು ಖೋಲಿ ಐವರು ವಯಸ್ಕರಿಗೆ. ನಳ, ಪಾಯಖಾನೆಗಳು ಎಲ್ಲರಿಗೂ ಕೂಡಿ. ಮುಂಬಯಿಯ ಚಾಳುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದಿನ ಮನೆಗಳು ಅಷ್ಟು ಹೀನವಲ್ಲವಾದರೂ ಬಹು ಜನರಿಗೆ ಇಕ್ಕಟ್ಟು ತಪ್ಪಿಲ್ಲ. ದುಡಿದು ದಣಿದು ಬಂದ ತಂದೆ, ಪಾಠ ಒಪ್ಪಿಸಬೇಕಾದ ಮಗು, ನಡುವೆ ಒಂದೇ ಮೇಜು. ಅಲ್ಲಿ ಸಿಟ್ಟು ಬೇಗನೆ ಹೊತ್ತಿಕೊಳ್ಳುತ್ತದೆ.

ಕಾಲ ಬದಲಾಗಿದೆ. ಹಾಂಗ್‌ಕಾಂಗಿನ ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವದು 1991ರಲ್ಲಿ ನಿಷಿದ್ಧವಾಯಿತು. ಅಲ್ಲಿಯ ಆರೋಗ್ಯ ಇಲಾಖೆಯ ತಾಯಿಮಕ್ಕಳ ಕೇಂದ್ರಗಳಲ್ಲಿ, ಮಕ್ಕಳನ್ನು ಬೆಳೆಸುವ ಬಗೆಯನ್ನು ತಾಯಿತಂದೆಗಳಿಗೆ ಹೇಳಿಕೊಡುವ ಏರ್ಪಾಡು ಇದೆ. ಆಸ್ಟ್ರೇಲಿಯದಲ್ಲಿ ರೂಪುಗೊಂಡ ಒಂದು ಶಿಕ್ಷಣಕ್ರಮವನ್ನು ಅಲ್ಲಿ ಪರೀಕ್ಷಿಸಿ, 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೂರರಿಂದ ಏಳು ವರ್ಷದ ಮಕ್ಕಳಿರುವ 91 ಪಾಲಕರು ಅದರಲ್ಲಿದ್ದರು. ಶಿಕ್ಷಣ ಪಡೆದವರ ಮನೆಗಳಲ್ಲಿ ಮಕ್ಕಳ ಹಟ, ಉಪದ್ರವಗಳು ಉಳಿದವರ ಮನೆಗಳಿಗಿಂತ ಕಡಿಮೆಯಾದವು. ಪಾಲಕರಿಗೂ ತಮ್ಮ ಮೇಲೆ ಭರವಸೆ ಹೆಚ್ಚಿತು.

ಈ ಕ್ರಮದ ಮುಖ್ಯ ಅಂಶಗಳು ಇವು:

ಮೊದಲನೆಯದು, ಮಗು ಒಳ್ಳೆಯದನ್ನು ಮಾಡಿದಾಗ ಅದನ್ನು ಕಂಡು, ಅಲ್ಲಿಯೇ ಹೇಳುವದು. ಕ್ಯಾಂಟನೀಸ್ ಮನೆಗಳಲ್ಲಿ ಹೇಳಿದಂತೆ ಕೇಳುವ ಮಗುವಿಗೆ 'ಗ್ವಾಯ್' ಎಂಬ ಒಂದೇ ಮಾತು. ನಾವು 'ಜಾಣಮರಿ' ಎನ್ನುವಂತೆ. ಆದರೆ ಯಾವುದಕ್ಕಾಗಿ ಜಾಣನಾದೆನೆಂಬದು ಮಗುವಿಗೆ ಅದರಿಂದ ತಿಳಿಯದು. 'ನಿನ್ನ ಆಟಿಗೆಯನ್ನು ತಮ್ಮನಿಗೆ ಕೊಟ್ಟೆಯಲ್ಲ, ಒಳ್ಳೆಯದಾಯಿತು' ಎಂದರೆ ನಾಳೆಯೂ ಏನು ಮಾಡಬೇಕೆಂಬದು ಗೊತ್ತಾಗುತ್ತದೆ.

ಎರಡನೆಯದು, ಆಜ್ಞೆ ಸ್ಪಷ್ಟವಾಗಿರಬೇಕು. ಅಡಿಗೆಮನೆಯಿಂದ ಹತ್ತು ಸಲ ಕೂಗುವದಕ್ಕಿಂತ ಮಗುವಿನ ಹತ್ತಿರ ಹೋಗಿ, ಬಗ್ಗಿ, ಮುಖ ನೋಡಿ ಒಂದು ಸಲ ಹೇಳುವದು ಲೇಸು. 'ಗದ್ದಲ ಮಾಡಬೇಡ' ಎನ್ನುವ ಬದಲು 'ಮೆಲ್ಲಗೆ ಮಾತಾಡು' ಎನ್ನಬೇಕು.

ಮೂರನೆಯದು, ಸಣ್ಣಪುಟ್ಟ ರಗಳೆಯನ್ನು ಕಂಡೂ ಕಾಣದಂತಿರಬೇಕು. ನಿಜವಾದ ತಪ್ಪಿಗೆ ಆ ತಪ್ಪಿಗೆ ಸಂಬಂಧಪಟ್ಟ ಚಿಕ್ಕ ಶಿಕ್ಷೆ ಸಾಕು. ಗೋಡೆಯ ಮೇಲೆ ಬಣ್ಣದ ಕಡ್ಡಿಯಿಂದ ಗೀಚಿದರೆ ಕಡ್ಡಿ ಸ್ವಲ್ಪ ಹೊತ್ತು ಕಪಾಟಿಗೆ ಹೋಗುತ್ತದೆ. ಮೇಲೆ ಮರಳಿ ಕೊಟ್ಟು, ಕಾಗದದ ಮೇಲೆ ಬರೆದಾಗ ಮೆಚ್ಚಬೇಕು. ಏಟಿಗೆ ಹೆದರಿದ ಮಗು ತಪ್ಪನ್ನು ಮುಚ್ಚಿಡುವದನ್ನು ಕಲಿಯುತ್ತದೆ. ನಾಳೆ ದೊಡ್ಡ ಸಂಕಟ ಬಂದರೂ ತಾಯಿಗೆ ಹೇಳದು. ನಿಜವಾದ ಅಪಾಯವಿರುವದು ಇಲ್ಲಿಯೇ.

ಈ ಕ್ರಮಕ್ಕೆ ಅಡಚಣೆಗಳೂ ಉಂಟು. ತಾಯಿತಂದೆಗಳಿಬ್ಬರೂ ಕೆಲಸಕ್ಕೆ ಹೋಗುವಾಗ ಮಗು ಅಜ್ಜಿಯ ಕೈಯಲ್ಲಿರುತ್ತದೆ, ಇಲ್ಲವೆ ಮನೆಗೆಲಸದವಳ ಕೈಯಲ್ಲಿ. ಫಿಲಿಪೈನ್ಸ್, ಇಂಡೊನೇಷ್ಯಗಳಿಂದಲೇ ಹೆಚ್ಚಾಗಿ ಬಂದ ಇಂಥ ಕೆಲಸದವರು ಹಾಂಗ್‌ಕಾಂಗಿನಲ್ಲಿ 3 ಲಕ್ಷಕ್ಕೂ ಮಿಕ್ಕಿದ್ದಾರೆ. ತಾಯಿ ಬೇಡವೆಂದ ಮಿಠಾಯಿಯನ್ನು ಅಜ್ಜಿ ಮರೆಯಲ್ಲಿ ಕೊಟ್ಟರೆ ನಿಯಮ ಮುರಿದು ಬೀಳುತ್ತದೆ. ಮಗುವಿನ ಎದುರು ಅಜ್ಜಿಯನ್ನು ಆಕ್ಷೇಪಿಸಿದರೆ ಹಿರಿಯರ ಗೌರವ ಹೋಗುತ್ತದೆ. ಆದುದರಿಂದ ಮಗು ಮಲಗಿದ ಮೇಲೆ ದೊಡ್ಡವರೆಲ್ಲ ಕುಳಿತು ಎರಡು ಮೂರೇ ನಿಯಮಗಳನ್ನು ಒಪ್ಪಿಕೊಂಡು, ಎಲ್ಲರೂ ಅವನ್ನೇ ನಡೆಸುವದು ಉಚಿತ. ವಾರದ ರಜೆಯ ದಿನ ಮೂರು ತಲೆಮಾರಿನವರು ಕೂಡಿ ಚಹದಂಗಡಿಗೆ ಹೋಗುವ ವಾಡಿಕೆ ಅವರಲ್ಲಿದೆ. ಅಲ್ಲಿ ಹಿರಿಯರ ಬಟ್ಟಲಿಗೆ ಮೊದಲು ಚಹ ಬಗ್ಗಿಸುವದನ್ನು ಮಗು ಏಟಿಲ್ಲದೆ, ನೋಡಿಯೇ ಕಲಿಯುತ್ತದೆ. ಹೊಸ ಕ್ರಮವೆಂದರೆ ಹಿರಿಯರ ಗೌರವವನ್ನು ಕೈಬಿಡುವದೆಂದು ಯಾರೂ ತಿಳಿಯಬೇಕಾಗಿಲ್ಲ.

ಈ ಮಾತುಗಳು ನಮ್ಮ ಮನೆಗಳಿಗೂ ಒಪ್ಪುವಂಥವು. ಇದಕ್ಕೆ ಹಣ ಬೇಡ, ದೊಡ್ಡ ಮನೆ ಬೇಡ. ಗಿರಣಿಯಲ್ಲಿ ದಿನವೆಲ್ಲ ಲೆಕ್ಕ ಬರೆಯುವ ನಮ್ಮಂಥವರು ಮಕ್ಕಳ ತಪ್ಪಿನ ಲೆಕ್ಕವನ್ನಷ್ಟೇ ಇಡುವದು ಸುಲಭ; ಜಮೆಯ ಕಡೆಯನ್ನೂ ಬರೆಯಬೇಕು. ವಾಚಕ ಬಂಧುಗಳು ಒಂದು ವಾರ, ದಿನಕ್ಕೊಂದು ಸಲವಾದರೂ, ಮಗು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೆಸರಿಸಿ ಕನ್ನಡದಲ್ಲಿಯೇ ಮೆಚ್ಚಿ ನೋಡಲಿ. ಮನೆಮಾತಿನಲ್ಲಿ ಬೈಗಳನ್ನು ಮಾತ್ರ ಕೇಳಿದ ಮಗು ಆ ಮಾತನ್ನು ಏಕೆ ಪ್ರೀತಿಸೀತು?